ನನ್ನ ಉಪವಾಸಗಳೂ ಒಂದು ಬಟ್ಟಲು ಶೀಕರಣೆಯೂ

ಅನ್ಯಾಯ ಎಂದರೆ ಹೇಗಿರುತ್ತದೆ ಎಂದು ಯಾರಿಗಾದರೂ ನೋಡುವ ಆಸೆಯಿದ್ದರೆ ಅವರು ಪುಣೆಯ ಸದಾಶಿವ ಪೇಟೆಗೆ ಬರಬೇಕು. ಅಲ್ಲಿ ರಂಗೂಬಾಯಿಯವರ ವಾಡೆ ಯಾವುದು ಎಂದು ಕೇಳಿ, ಕರಕರ ಎನ್ನುವ ಮರದ ಮೆಟ್ಟಿಲು ಹತ್ತಿ, ಮಾಳಿಗೆಯ ಮೇಲಿನ ನಮ್ಮ ಎರಡು ಖೋಲಿಗಳಿಗೆ ಬರಬೇಕು. ಊಟದ ಹೊತ್ತಿಗೇ ಬಂದರೆ ಇನ್ನೂ ಚೆನ್ನಾಗಿ ಕಾಣಿಸುತ್ತದೆ. ಸಂಬಳ ನನ್ನದು, ತಾಟು ನನ್ನದು, ಬಾಯಿಯೂ (ನಾನು ತಿಳಿದ ಮಟ್ಟಿಗೆ) ನನ್ನದೇ. ಆದರೆ ತಾಟಿನಿಂದ ಬಾಯಿಗೆ ಏನು ಹೋಗಬೇಕು ಎಂಬುದನ್ನು ಠರಾಯಿಸುವವರು ಬೇರೆ ಇಬ್ಬರು. ಒಬ್ಬಳು ನನ್ನ ಹೆಂಡತಿ ಇಂದೂ. ಇನ್ನೊಬ್ಬರು ಡಾಕ್ಟರ್ ಬಿಂದುಮಾಧವರಾಯರು.

ನನ್ನ ಹೆಸರು ಮಾರ್ತಾಂಡರಾವ್. ಊರು ಧಾರವಾಡ. ಹೊಟ್ಟೆಪಾಡಿಗೆ ಪುಣೆಗೆ ಬಂದು ಲಷ್ಕರ ಭಾಗದ ಒಂದು ಸರಕಾರಿ ಕಚೇರಿಯಲ್ಲಿ ಹಿರಿಯ ಕಾರಕೂನನಾಗಿದ್ದೇನೆ. ಹೊಟ್ಟೆಪಾಡಿಗೆ ಎಂದೆನಲ್ಲ, ಆ ಶಬ್ದವನ್ನು ಈಗ ಉಚ್ಚರಿಸುವಾಗಲೂ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಗಾಗಿ ಊರು ಬಿಟ್ಟವನಿಗೆ ಹೊಟ್ಟೆಗೇ ಏನೂ ಇಲ್ಲ ಎಂದರೆ ಏನು ಹೇಳೋಣ!

ಇಷ್ಟಕ್ಕೆಲ್ಲ ಮೂಲ ಒಂದು ಜೋಡು ಹೊಸ ಚಪ್ಪಲಿ. ಅದು ಕಚ್ಚಿ ಬಲಗಾಲಿನ ಹೆಬ್ಬೆರಳಿಗೆ ಒಂದಿಷ್ಟು ಗಾಯವಾಯಿತು. ಇಂದೂ ಅರಿಶಿನ ಹಚ್ಚಿದಳು, ಸುಣ್ಣ ಹಚ್ಚಿದಳು, ರಂಗೂಬಾಯಿಯವರು ಕೊಟ್ಟ ಯಾವುದೋ ಸೊಪ್ಪು ಅರೆದು ಹಚ್ಚಿದಳು. ಗಾಯ ಮಾತ್ರ ಬಾಡಿಗೆದಾರನ ಹಾಗೆ ಬಿಡುವ ಮಾತೇ ಆಡಲಿಲ್ಲ. ಕಡೆಗೆ ಡಾಕ್ಟರ್ ಬಿಂದುಮಾಧವರಾಯರ ದವಾಖಾನೆಗೆ ಹೋದೆ. ಅವರು ಬೆಳಗಾವಿಯ ಕಡೆಯವರು, ನಮ್ಮವರೇ, ಕನ್ನಡದಲ್ಲಿ ನರಳಬಹುದು ಎಂಬ ಅನುಕೂಲ. ಮಹಾಶಯರು ನನ್ನ ಬೆರಳನ್ನು ಒಂದು ಕ್ಷಣ ನೋಡಿ, "ನಾಳೆ ಮುಂಜಾನೆ ಒಂದು ಶೀಶೆದಾಗ ನಿಮ್ಮ ಮೂತ್ರಾ ತಗೊಂಡು ಬರ್ರಿ" ಎಂದರು.

ಗಾಯ ಕಾಲಿಗೆ, ಪರೀಕ್ಷೆ ಮೂತ್ರಕ್ಕೆ! ಆದರೂ ಒಯ್ದೆ. ಅವರು ಗಾಜಿನ ನಳಿಕೆಯಲ್ಲಿ ನೀಲಿ ಔಷಧ ಹಾಕಿ, ಅದರಲ್ಲಿ ನನ್ನ ಕೆಲವು ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಇದ್ದದ್ದು ಹಸಿರಾಯಿತು, ಹಳದಿಯಾಯಿತು, ಕಿತ್ತಳೆಯಾಯಿತು, ಕಡೆಗೆ ಇಟ್ಟಿಗೆಯಂತೆ ಕೆಂಪಾಗಿ ನಿಂತಿತು. ನನಗೆ ಮಜವೆನಿಸಿತು. ಡಾಕ್ಟರರಿಗೆ ಎನಿಸಲಿಲ್ಲ.

"ರಾಯರ, ಇದು ಸಿಹಿಮೂತ್ರ ರೋಗ. ಡಯಾಬಿಟೀಸ್ ಅಂತಾರ. ನಿಮ್ಮ ಮೈಯಾಗ ಸಕ್ರಿ ಭಾಳ ಅದ."

ನನ್ನಲ್ಲಿ ಸಿಹಿ ಎಂಬುದೇ ಇಲ್ಲ ಎಂದು ಮದುವೆಯಾದಂದಿನಿಂದ ಇಂದೂ ಹೇಳುತ್ತ ಬಂದಿದ್ದಾಳೆ. ಕಡೆಗೂ ಸಿಕ್ಕಿತು, ಸಿಕ್ಕಿದ್ದು ಎಲ್ಲಿ ನೋಡಿ.

"ಇವತ್ತಿನಿಂದ ಅನ್ನ ಬಂದ್, ಗೋಧಿ ಬಂದ್. ಸಕ್ರಿ, ಬೆಲ್ಲದ ಹೆಸರು ಸುದ್ದಾ ಎತ್ತಬ್ಯಾಡ್ರಿ. ಹೊತ್ತಿಗೊಂದು ಜ್ವಾಳದ ಭಕ್ರಿ, ತಪ್ಪಲ ಪಲ್ಯಾ ಬೇಕಾದಷ್ಟು, ಮ್ಯಾಲ ಮಜ್ಜಿಗಿ. ಪ್ರತಿ ರವಿವಾರ ಶೀಶೆ ತರ್ರಿ. ನಳಿಗಿ ನೀಲಿ ಉಳೀತೋ, ನೀವು ಪಾರಾದ್ರಿ. ಕೆಂಪ ಆಗಕೋತ ಹೋತೋ, ದಿನಾ ಸೂಜಿ ಚುಚ್ಚಬೇಕಾಗತದ. ಕಾಲಿನ ಗಾಯಾನೂ ನಗುವ ಮಾತಲ್ಲ."

ಸೂಜಿ ಎಂದಾಗ ನನಗೆ ಹೆದರಿಕೆಯಾದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಭಯವೊಂದು ನಾಲಿಗೆಯ ತುದಿಗೆ ಬಂದಿತ್ತು.

"ಡಾಕ್ಟರ, ಮಾವಿನಹಣ್ಣು?"

ಈ ಪ್ರಶ್ನೆಯ ಹಿಂದಿನ ದುಃಖ ಓದುಗರಿಗೆ ತಿಳಿಯಬೇಕು. ನಮ್ಮ ಮನೆತನದಲ್ಲಿ ಅಕ್ಷಯ ತದಿಗೆಯ ದಿನ ದೇವರಿಗೆ ನೈವೇದ್ಯ ಆಗುವವರೆಗೆ ಮಾವಿನಹಣ್ಣನ್ನು ಮೂಸಿಯೂ ನೋಡುವುದಿಲ್ಲ. ಆ ದಿನ ಮೊದಲ ಬಟ್ಟಲು ಶೀಕರಣೆ. ಮಾವಿನ ರಸಕ್ಕೆ ಹಾಲು, ಮೇಲೆ ಏಲಕ್ಕಿ ಪುಡಿ. ವರ್ಷವಿಡೀ ಸಾಹೇಬನ ಬೈಗಳನ್ನು ನಾನು ನುಂಗುವುದು ಆ ಒಂದು ಬಟ್ಟಲಿನ ಭರವಸೆಯ ಮೇಲೆಯೇ. ಅದರಲ್ಲೂ ಪುಣೆಗೆ ಬರುವುದು ರತ್ನಾಗಿರಿಯ ಆಪೂಸು. ಚೈತ್ರ ಮುಗಿಯುವ ಹೊತ್ತಿಗೆ ಮಂಡಈ ಎಂಬ ಹಣ್ಣಿನ ಪೇಟೆಯ ಮುಂದೆ ಹಾಯ್ದು ಹೋದರೆ ಹುಲ್ಲಿನ ಬುಟ್ಟಿಗಳಿಂದ ಬರುವ ಆ ವಾಸನೆಗೆ ಸನ್ಯಾಸಿಯೂ ನಿಂತುಬಿಡಬೇಕು.

ಡಾಕ್ಟರರೂ ಹಣ್ಣಿನ ರುಚಿ ಬಲ್ಲವರೇ. ನನ್ನ ಮುಖ ನೋಡಿ ಕರಗಿದರು. "ಅಕ್ಷಯ ತದಿಗಿ ಮುಂಚಿನ ರವಿವಾರ ನಳಿಗಿ ನೀಲಿ ಇದ್ದರ, ಹಬ್ಬದ ದಿವಸ ಒಂದ ಒಂದು ಬಟ್ಟಲ ಶೀಕರಣಿ ತಿನ್ರಿ. ನಾನ ಪರವಾನಗಿ ಕೊಟ್ಟೆ. ಆದರ ಇನ್ನೊಂದು ಮಾತು ಕೇಳ್ರಿ..."

ಅವರು ಇನ್ನೂ ಏನೋ ಹೇಳುತ್ತಲೇ ಇದ್ದರು. ಶೀಕರಣೆಯ ಪರವಾನಗಿ ಸಿಕ್ಕ ಮೇಲೆ ಉಳಿದದ್ದನ್ನು ಕೇಳಿ ನಾನೇನು ಮಾಡಲಿ? ರುಮಾಲು ತಲೆಗೇರಿಸಿ ಎದ್ದುಬಂದೆ.

ಅಂದಿನಿಂದ ಮನೆಯಲ್ಲಿ ಇಂದೂಬಾಯಿಯವರ ರಾಜ್ಯಭಾರ ಸುರುವಾಯಿತು. ಹಾಗಲಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮೆಂತೆ ಪಲ್ಯ, ಮರುದಿನ ಬದಲಾವಣೆಗೆಂದು ಮತ್ತೆ ಹಾಗಲಕಾಯಿ. ಗೊಜ್ಜಿಗೆ ಬೆಲ್ಲ ಹಾಕದಿದ್ದರೆ ಅದು ಗೊಜ್ಜು ಹೇಗಾಗುತ್ತದೆ ಎಂದು ಕೇಳಿದೆ.

"ಊಟ ಬಲ್ಲವಗ ರೋಗಿಲ್ಲ ಅಂತ ಹಿರೇರು ಸುಮ್ಮನ ಹೇಳ್ಯಾರೇನು?" ಎಂದಳು.

"ಬಲ್ಲೂದು ಆಮ್ಯಾಲ. ಮೊದಲ ಊಟ ಇರಬೇಕಲ್ಲ!"

"ಸುಮ್ಮನ ತಿನ್ರಿ. ಶೀಕರಣಿ ಬೇಕೋ ಬ್ಯಾಡೋ?"

ಈ ಒಂದು ಮಾತಿನಿಂದ ನನ್ನ ಬಾಯಿ ಮುಚ್ಚಿಸುವುದನ್ನು ಅವಳು ಕಲಿತುಬಿಟ್ಟಿದ್ದಳು. ಮುಚ್ಚಿಸಿದ ಬಾಯನ್ನು ಮತ್ತೆ ತೆರೆಸಿ ಅದರಲ್ಲಿ ಹಾಗಲಕಾಯಿ ಹಾಕುತ್ತಿದ್ದಳು. ರವಿವಾರ ನಳಿಕೆ ಕಿತ್ತಳೆಯಾಯಿತು, ಮುಂದಿನ ರವಿವಾರ ಹಸಿರಿನ ಹತ್ತಿರ ಬಂತು. ಡಾಕ್ಟರರು ಭೇಷ್ ಎಂದರು. ಆದರೆ ಹಸಿರಿನಿಂದ ನೀಲಿಗೆ ಹೋಗುವ ಆ ಕಡೆಯ ಹೆಜ್ಜೆಯನ್ನು ಹಾಗಲಕಾಯಿಯ ಮೇಲೆ ಇಡುವ ಶಕ್ತಿ ನನಗೆ ಉಳಿದಿರಲಿಲ್ಲ.

ಆಗ ಏಕಾದಶಿ ಬಂತು; ಅದರ ಜೊತೆಗೆ ನನ್ನ ತಲೆಯಲ್ಲಿ ದಿವ್ಯವಾದ ವಿಚಾರವೂ ಬಂತು.

ನಮ್ಮ ಧಾರವಾಡದ ಏಕಾದಶಿ ನಿಮಗೆ ಗೊತ್ತಿರಬಹುದು. ಅದು ಶಿಕ್ಷೆ. ಅನ್ನವಿಲ್ಲ, ಹಣ್ಣಿಲ್ಲ, ನೀರೂ ಇಲ್ಲ. ನನ್ನ ಮಾವನವರಂತೂ ಆ ದಿನ ಉಗುಳನ್ನೂ ನುಂಗುತ್ತಿರಲಿಲ್ಲ ಎಂದು ಇಂದೂ ಅಭಿಮಾನದಿಂದ ಹೇಳುತ್ತಾಳೆ. (ಪಕ್ಕದಲ್ಲಿ ಕುಳಿತವರ ಗತಿ ಏನಾಗಿರಬೇಕು!) ಪುಣೆಯವರು ಸುಧಾರಿಸಿದ ಜನ. ಇಲ್ಲಿ ಉಪವಾಸವೆಂದರೆ ಧಾನ್ಯ ಬಿಡುವುದು, ಅಷ್ಟೇ. ಆ ಏಕಾದಶಿಯ ದಿನ ಬಾಡಿಗೆ ಕೊಡಲೆಂದು ಕೆಳಗೆ ಇಳಿದಾಗ ವಾಡೆಯ ಒಡತಿ ರಂಗೂಬಾಯಿಯವರು ಉಪವಾಸ ಮಾಡುತ್ತ ಕುಳಿತಿದ್ದರು. ಅಂದರೆ ಅವರ ಮುಂದೆ ಒಂದು ತಾಟಿನ ತುಂಬ ಸಾಬೂದಾಣಿ ಖಿಚಡಿ, ತುಪ್ಪದಲ್ಲಿ ಕರಿದ ಗೆಣಸಿನ ಹೋಳು, ಜೀರಿಗೆ ಒಗ್ಗರಣೆಯ ಬಟಾಟೆ, ನಾಲ್ಕು ಖರ್ಜೂರ, ಒಂದು ಬಾಳೆಹಣ್ಣು ಇದ್ದವು. ಆ ವೃದ್ಧ ವಿಧವೆ ವಾರದಲ್ಲಿ ಹೆಚ್ಚಿನ ದಿನಗಳನ್ನು ಇಂಥ ಕಠೋರ ವ್ರತದಲ್ಲಿಯೇ ಕಳೆಯುತ್ತಾರೆ.

ನಾನು ಬಾಗಿಲಲ್ಲೇ ನಿಂತು ತಾಟನ್ನು ಶೋಧಿಸಿದೆ. ಅನ್ನ? ಇಲ್ಲ. ಗೋಧಿ? ಇಲ್ಲ. ಸಕ್ಕರೆ, ಬೆಲ್ಲ? ಸುಳಿವೂ ಇಲ್ಲ. ಡಾಕ್ಟರರ ಒಂದೊಂದು ಆಜ್ಞೆಯೂ ಆ ತಾಟಿನಲ್ಲಿ ಅಕ್ಷರಶಃ ಪಾಲನೆಯಾಗಿತ್ತು. ವೈದ್ಯಶಾಸ್ತ್ರವೂ ಧರ್ಮಶಾಸ್ತ್ರವೂ ಹೀಗೆ ಒಂದೇ ತಾಟಿನಲ್ಲಿ ಕೂಡಿ ಊಟಕ್ಕೆ ಕುಳಿತದ್ದನ್ನು ಇದುವರೆಗೆ ಯಾರೂ ಗಮನಿಸಿರಲಿಲ್ಲವೆಂದರೆ ಅದು ಯಾರ ತಪ್ಪು? ಮೇಲೆ ಬಂದವನೇ, ಇನ್ನು ಏಕಾದಶಿ, ಸಂಕಷ್ಟಿ, ಸೋಮವಾರ, ಗುರುವಾರ, ಶನಿವಾರ ಉಪವಾಸ ಮಾಡುತ್ತೇನೆಂದು ಸಾರಿದೆ.

ಇಂದೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು? ಉಪವಾಸ? ಸೂರ್ಯ ಯಾವ ಕಡೆ ಹುಟ್ಟ್ಯಾನ ಇವತ್ತು?"

"ಮನುಷ್ಯಾಗ ದೇವರ ಮ್ಯಾಲ ಭಕ್ತಿ ಬರಬಾರದೇನು?"

"ಬರಲಿ, ಬರಲಿ. ಆದರ ನಮ್ಮಪ್ಪನ ಹಂಗ ಮಾಡತೀರೋ, ರಂಗೂಬಾಯಿ ಹಂಗೋ?"

"ಕಾಲಕ್ಕೆ ತಕ್ಕಂತೆ ನಡೀಬೇಕು, ತಾಳಕ್ಕೆ ತಕ್ಕಂತೆ ಕುಣೀಬೇಕು. ನಿಮ್ಮಪ್ಪಂದು ಹಳೇ ತಾಳ."

ಅವಳಿಗೂ ಒಳಗೊಳಗೇ ಸಂತೋಷವಾಯಿತೆಂದು ತೋರುತ್ತದೆ. "ಹೋಗಲಿ, ಗಂಡನ ಪುಣ್ಯದಾಗ ಹೆಂಡತಿಗೆ ಅರ್ಧಾ ಪಾಲು ಇರತದ. ಕೂತಲ್ಲೇ ಪುಣ್ಯ ಬಂದರ ಬ್ಯಾಡ ಅನ್ನೋಣೇನು?" ಎಂದು ಅಂದೇ ಸಾಬೂದಾಣಿ ನೆನೆಹಾಕಿದಳು.

ಆಮೇಲಿನ ದಿನಗಳು ನನ್ನ ಜೀವನದ ಸುವರ್ಣಯುಗ. ನಾನು ಒಂದು ಚೂರೂ ಮೋಸ ಮಾಡಲಿಲ್ಲ, ಇದನ್ನು ಮಾತ್ರ ಓದುಗರು ನಂಬಬೇಕು. ರಂಗೂಬಾಯಿಯವರು ಒಮ್ಮೆ ರಾಜಗಿರಿ ಲಾಡು ಕಳಿಸಿದರು. ಅದರಲ್ಲಿ ಬೆಲ್ಲವಿದೆ ಎಂದು ತಿಳಿದೊಡನೆ ಕೈಮುಗಿದು ಹಿಂದಕ್ಕೆ ಕಳಿಸಿದೆ, ಕಣ್ಣಲ್ಲಿ ನೀರು ಬಂದರೂ ಕಳಿಸಿದೆ. ನನ್ನ ರೋಗದ ಸಂಗತಿ ಅವರಿಗೆ ತಿಳಿಸಿರಲಿಲ್ಲ. (ಮೂತ್ರದ ವಿಷಯವನ್ನು ವಾಡೆಯಲ್ಲಿ ಡಂಗುರ ಹೊಡೆಯುವುದೇ?) ಹೀಗಾಗಿ ಅವರು ಅದನ್ನು ವೈರಾಗ್ಯವೆಂದು ತಿಳಿದರು. ಬಾವಿಕಟ್ಟೆಯ ಮೇಲೆ ನನ್ನ ಕೀರ್ತಿ ಹಬ್ಬಿತು. ಪುಣೆಯಲ್ಲಿ ಒಬ್ಬರನ್ನೊಬ್ಬರು ಹೊಗಳುವ ರೂಢಿ ಕಡಿಮೆ. ಆದರೂ ಜನ ನನಗೆ ದಾರಿ ಬಿಟ್ಟು ನಿಲ್ಲತೊಡಗಿದರು. ಅಕ್ಷಯ ತದಿಗೆಯ ದಿನ ದಂಪತಿಗಳಿಬ್ಬರೂ ತಮ್ಮಲ್ಲಿಯೇ ಊಟಕ್ಕೆ ಬರಬೇಕು, ಇಂಥ ವ್ರತಸ್ಥರು ಉಂಡರೆ ಮನೆ ಪಾವನವಾದೀತು ಎಂದು ರಂಗೂಬಾಯಿಯವರು ಆಮಂತ್ರಣವನ್ನೂ ಕೊಟ್ಟರು. ಊಟದಲ್ಲಿ ಆಪೂಸಿನ ಶೀಕರಣೆ ಎಂದು ಬೇರೆ ಹೇಳಬೇಕೆ!

ಇಷ್ಟೆಲ್ಲ ಆದ ಮೇಲೆ ರವಿವಾರ ಶೀಶೆ ಹಿಡಿದು ವಿಜಯೋತ್ಸವಕ್ಕೆ ಹೋದವನಂತೆ ದವಾಖಾನೆಗೆ ಹೋದೆ. ನಳಿಕೆ ಹಸಿರಾಯಿತು, ಹಳದಿಯಾಯಿತು, ಅಲ್ಲಿ ನಿಲ್ಲದೆ ನೇರವಾಗಿ ಇಟ್ಟಿಗೆಯ ಬಣ್ಣಕ್ಕೆ ಹೋಯಿತು.

ಡಾಕ್ಟರರು ಕನ್ನಡಕದ ಮೇಲಿಂದ ನೋಡಿದರು. "ರಾಯರ, ಏನು ತಿಂದೀರಿ?"

"ಏನೂ ಇಲ್ಲರಿ. ನಿನ್ನೆ ಶನಿವಾರ, ಉಪವಾಸ ಇತ್ತು."

"ಉಪವಾಸ ಇದ್ದಾವನ ನಳಿಗಿ ಹಿಂಗ ಆಗೂದಿಲ್ಲರಿ."

ಎಂಥ ಅವಮಾನ! ಮನೆಗೆ ಬಂದು ಹೇಳಿದರೆ ಇಂದೂ ಅದರ ಮೇಲೆ ಉಪ್ಪು ಸುರಿದಳು. ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಚೇರಿಯಿಂದ ಬಂದೊಡನೆ ನನ್ನ ಮೀಸೆ ಮೂಸಿ ನೋಡುವ ಪದ್ಧತಿ ಹಾಕಿದಳು. ನನ್ನ ಜೊತೆಗೇ ಕೆಲಸ ಮಾಡುವ, ಜೊತೆಗೇ ಮನೆಗೆ ನಡೆದು ಬರುವ ಈರಬಸಪ್ಪನನ್ನು ಮೇಲೆ ಕರೆದು ವಿಚಾರಣೆ ನಡೆಸಿದಳು, ಅದೂ ನನ್ನ ಎದುರಿಗೇ.

"ಖರೇ ಹೇಳ್ರಿ ಈರಬಸಪ್ಪನವರ. ಇವರು ಇರಾಣಿ ಹೋಟೆಲಿಗೆ ಹೋಗತಾರೋ ಇಲ್ಲೋ?"

"ಇಲ್ಲರೀ ವೈನಿ! ರಾಯರು ಚಹಾಕ ಸುದ್ದಾ ಸಕ್ರಿ ಹಾಕಿಸಿಕೊಳ್ಳೂದಿಲ್ಲ. ಮೊನ್ನೆ ಸಾಹೇಬರ ಮಗಳ ಮದವೀ ಪೇಢೆ ಹಂಚಿದರು, ಇವರ ಪೇಢೆನೂ ನಾನ ತಿಂದೆ."

"ನೋಡಿದಿ?" ಎಂದೆ.

"ಸಾಕ್ಷಿದಾರಗ ಪೇಢೆ ತಿನ್ನಿಸೀರಿ. ಅವರು ಇನ್ನೇನು ಹೇಳತಾರ?" ಎಂದಳು ನ್ಯಾಯಾಧೀಶೆ.

ನಾನು ಹಟಕ್ಕೆ ಬಿದ್ದೆ. ಉಳಿದ ವಾರಗಳನ್ನೂ ಉಪವಾಸಕ್ಕೆ ಸೇರಿಸಿದೆ. ಭಕ್ರಿಯ ಮುಖವನ್ನೇ ನೋಡಲಿಲ್ಲ. ಬೆಳಗ್ಗೆ ಖಿಚಡಿ, ಸಂಜೆ ಗೆಣಸು, ನಡುವೆ ನಿಶ್ಶಕ್ತಿ ಬಂದರೆ ಬಾಳೆಹಣ್ಣು. ಮುಂದಿನ ರವಿವಾರ ನಳಿಕೆ ಇನ್ನೂ ಕೆಂಪು. ಶೀಶೆಯ ಮೇಲೆ ಸಂಶಯಪಟ್ಟೆ: ಮೊದಲು ಅದರಲ್ಲಿ ಶರಬತ್ತು ಇತ್ತೆಂದು ಇಂದೂನನ್ನು ಬೈದೆ. ಅವಳು ಅದನ್ನು ಹುಣಸೆಹಣ್ಣು ಹಾಕಿ ದೇವರ ಉಪಕರಣಿಯಂತೆ ತಿಕ್ಕಿ ತೋರಿಸಿದಳು. ಆಮೇಲೆ ಒಮ್ಮೆಲೆ ಅಲ್ಲೇ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಕಾಲಿನ ಗಾಯಾ ನೋಡಿಕೊಂಡೀರೇನು? ಮತ್ತ ಹಸೀ ಆಗೇದ. ನಿಮಗ ಏನರ ಆತಂದರ ಈ ಪರಊರಾಗ ನಾ ಯಾರ ಮಾರಿ ನೋಡಲಿ? ಕದ್ದು ತಿಂದಿದ್ದರ ಹೇಳಿಬಿಡ್ರಿ, ನಾ ಬೈಯೂದಿಲ್ಲ."

ಅವಳ ಕೈಯ ಶೀಶೆಯನ್ನು ತೆಗೆದು ಬದಿಗಿಟ್ಟೆ. ದೇವರಾಣೆ, ತಾಯಿಯಾಣೆ, ಏನೂ ಕದ್ದಿಲ್ಲ ಎಂದೆ. ಅವಳು ನಂಬಿದಳು. ನಂಬಿದ ಮೇಲೆ ನಮ್ಮಿಬ್ಬರ ಸಿಟ್ಟೂ ಒಂದಾಗಿ ಡಾಕ್ಟರರ ಮೇಲೆ ತಿರುಗಿತು. ಅವರ ನೀಲಿ ಔಷಧವೇ ಕೆಟ್ಟಿರಬೇಕು!

ಅಕ್ಷಯ ತದಿಗೆಯ ಮುಂಚಿನ ರವಿವಾರ ಇಬ್ಬರೂ ಕೂಡಿ ದವಾಖಾನೆಗೆ ದಾಳಿಯಿಟ್ಟೆವು. ಬೆಂಚಿನ ತುಂಬ ರೋಗಿಗಳಿದ್ದರು. ಒಳ್ಳೆಯದೇ ಆಯಿತು, ಕೇಳಲಿ. ನಳಿಕೆ ಎಂದಿನಂತೆ ಕೆಂಪಾದೊಡನೆ ನಾನು ಎದ್ದು ನಿಂತೆ.

"ಡಾಕ್ಟರ, ಸಾಕು ಮಾಡ್ರಿ ಈ ಅನ್ಯಾಯಾ! ಅನ್ನ ಬಿಟ್ಟೆ, ಗೋಧಿ ಬಿಟ್ಟೆ, ಸಕ್ರಿ ಬಿಟ್ಟೆ. ನೀವು ಹೇಳದಿದ್ದರೂ ಭಕ್ರಿ ಸುದ್ದಾ ಬಿಟ್ಟೆ. ಋಷಿಗಳ ಹಂಗ ಉಪವಾಸ ಮಾಡಲಿಕ್ಕೆ ಹತ್ತೇನಿ. ಬೇಕಾದರ ಇಕೀನ್ನ ಕೇಳ್ರಿ. ನಿಮ್ಮ ಔಷಧಾನ ಖೊಟ್ಟಿ ಅದ!"

ಬೆಂಚಿನ ಮೇಲಿದ್ದವರೊಬ್ಬರು "ಬರೋಬರ್ ಆಹೇ" ಎಂದು ತಲೆಯಾಡಿಸಿದರು. ಡಾಕ್ಟರರು ಶಾಂತವಾಗಿ ಇಂದೂನ ಕಡೆಗೆ ತಿರುಗಿದರು.

"ತಾಯಿ, ನಿನ್ನೆ ಇವರು ಏನೇನು ತಿಂದರು, ಸ್ವಲ್ಪ ಹೇಳ್ರಿ."

ಇಂದೂ ಸೆರಗು ಸರಿಮಾಡಿಕೊಂಡು ಅಭಿಮಾನದಿಂದ ಹೇಳಿದಳು. "ಒಂದು ಕಾಳು ಧಾನ್ಯ ಮುಟ್ಟಿಲ್ಲರಿ. ಮುಂಜಾನೆ ಸಾಬೂದಾಣಿ ಖಿಚಡಿ, ಎರಡ ಎರಡು ತಾಟು. ಮಧ್ಯಾಹ್ನಕ್ಕ ಬಟಾಟಿ ಪಲ್ಯಾ, ಬಾಳೆಹಣ್ಣು. ಸಂಜೀಕ ಗೆಣಸು ಬೇಯಿಸಿ ಕೊಟ್ಟೆ, ಮ್ಯಾಲ ಒಂದು ಮುಷ್ಟಿ ಖರ್ಜೂರ. ರಾತ್ರಿ ನಿಶ್ಶಕ್ತಿ ಆಗೇದ ಅಂದರು, ಸಾಬೂದಾಣಿ ಗಂಜಿ ಮಾಡಿದೆ. ಸಕ್ರಿ ಮಾತ್ರ ಒಂದು ಹರಳೂ ಹಾಕಿಲ್ಲ."

ಡಾಕ್ಟರರು ನಳಿಕೆ ಕೆಳಗಿಟ್ಟರು. ಕನ್ನಡಕ ತೆಗೆದರು. ಆಮೇಲೆ ನಗಲಿಕ್ಕೆ ಸುರುಮಾಡಿದವರು ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು.

"ಅಯ್ಯ ರಾಯರ! ಈ ಪುಣೇದವರ ಒಂದು ಗಾದಿ ಕೇಳೀರೇನು? ಏಕಾದಶಿ, ದುಪ್ಪಟ್ ಖಾಶಿ. ಏಕಾದಶಿ ಬಂತಂದರ ಎರಡು ಪಟ್ಟು ತಿನ್ನು ಅಂತ. ಸಾಬೂದಾಣಿ, ಬಟಾಟಿ, ಗೆಣಸು ಎಲ್ಲಾ ಹೊಟ್ಟೀ ಒಳಗ ಇಳದ ಮ್ಯಾಲ ಸಕ್ರೀನ ಆಗತಾವ. ಖರ್ಜೂರ ಅಂತೂ ಹೋಗೂದಕ್ಕಿಂತ ಮೊದಲ ಸಕ್ರಿ. ಇದು ಉಪವಾಸ ಅಂತ ದೇವರಿಗೆ ಗೊತ್ತು, ನಿಮ್ಮ ರಕ್ತಕ್ಕ ಗೊತ್ತಿಲ್ಲ. ಅವತ್ತ ಇದನ್ನ ಹೇಳಲಿಕ್ಕೆ ಹತ್ತಿದ್ದೆ. ನೀವು ಆಗಲೇ ರುಮಾಲು ಹಾಕ್ಕೊಂಡು ಬಾಗಲಾ ದಾಟಿದ್ದಿರಿ."

ಬೆಂಚಿನವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕರು. ಬರೋಬರ್ ಎಂದಿದ್ದ ಮನುಷ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಇಂದೂ ನಗಲಿಲ್ಲ. ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ತಾನು ಕೈಯಾರೆ ನೆನೆಹಾಕಿದ ಸಾಬೂದಾಣಿಯ ಒಂದೊಂದು ಕಾಳೂ ಇತ್ತು.

ತೀರ್ಪು ಹೊರಬಿತ್ತು. ಭಕ್ರಿ ಮತ್ತು ಹಾಗಲಕಾಯಿಗೆ ಕೂಡಲೇ ಮರಳತಕ್ಕದ್ದು, ನಳಿಕೆ ಇಳಿಯದಿದ್ದರೆ ಸೂಜಿ, ಶೀಕರಣೆ ರದ್ದು. ನಾನು ಗೋಗರೆದೆ. ಅರ್ಧ ಬಟ್ಟಲು ಎಂದೆ, ಒಂದು ಚಮಚ ಎಂದೆ. ಡಾಕ್ಟರರು ಮುಂದಿನ ರೋಗಿಯನ್ನು ಕರೆದರು.

ಆದರೆ ನಾನೂ ಅಷ್ಟಕ್ಕೆ ಸೋಲುವವನಲ್ಲ. ರಂಗೂಬಾಯಿಯವರ ಆಮಂತ್ರಣ ಇತ್ತಲ್ಲ! ಕರೆದ ಮನೆಯಲ್ಲಿ ಬಡಿಸಿದ್ದನ್ನು ಬಿಟ್ಟೇಳುವುದು ಅಪಚಾರ. ನಾಲ್ಕು ಜನರ ಮುಂದೆ ಇಂದೂ ಬಾಯಿ ಬಿಡಲಾರಳು. ಬಿಟ್ಟರೆ ರೋಗದ ಸುದ್ದಿ ವಾಡೆಗೆಲ್ಲ ತಿಳಿಯುತ್ತದೆ, ವ್ರತಸ್ಥ ಗಂಡನ ಮಾನ ಹೋಗುತ್ತದೆ. ಹೀಗೆ ಲೆಕ್ಕ ಹಾಕಿ, ಹಬ್ಬದ ದಿನ ಬೇಗ ಸ್ನಾನ ಮಾಡಿ, ಮಡಿ ಉಟ್ಟು, ಬಹಳ ದಿನಗಳ ಮೇಲೆ ಹಾಡು ಗುನುಗುತ್ತ ಕೆಳಗಿಳಿದೆ. ಇಂದೂ ಒಂದು ಮಾತೂ ಆಡದೆ ಬೆನ್ನ ಹಿಂದೆ ಬಂದಳು. ಆ ಮೌನವನ್ನು ನಾನು ಶರಣಾಗತಿ ಎಂದು ತಿಳಿದೆ.

ಮಣೆ ಹಾಕಿತ್ತು, ಸುತ್ತ ರಂಗೋಲಿ ಇತ್ತು, ಊದಿನಕಡ್ಡಿ ಉರಿಯುತ್ತಿತ್ತು. ನನ್ನ ಎಲೆಯ ಪಕ್ಕದಲ್ಲಿ ಬೆಳ್ಳಿಯ ಬಟ್ಟಲಿನಲ್ಲಿ ಅಂಚಿನವರೆಗೆ ಆಪೂಸಿನ ಶೀಕರಣೆ. ಅದರ ಬಣ್ಣ ನೋಡಿಯೇ ನನ್ನ ಹೆಬ್ಬೆರಳಿನ ನೋವು ನಿಂತಿತು. ಕುಳಿತು ಕೈ ಮುಂದೆ ಮಾಡಿದೆ.

"ಅಯ್ಯೋ, ರಂಗೂಬಾಯಿ," ಎಂದು ಇಂದೂ ಅಚ್ಚ ಮರಾಠಿಯಲ್ಲಿ ಸುರುಮಾಡಿದಳು. (ನಿಮಗಾಗಿ ಕನ್ನಡಿಸುತ್ತೇನೆ, ಅಷ್ಟು ಚಂದದ ಮರಾಠಿ ಅವಳಿಗೆ ಬರುತ್ತದೆಂದು ಅಂದಿನವರೆಗೆ ನನಗೂ ತಿಳಿದಿರಲಿಲ್ಲ.) "ಹೇಗೆ ಹೇಳಲಿ, ಇವರು ಇವತ್ತು ಉಪವಾಸ. ದೇವರಿಗೆ ಮಾವಿನಹಣ್ಣನ್ನೇ ಬಿಟ್ಟುಬಿಟ್ಟಿದ್ದಾರೆ. ನೀವು ಪ್ರೀತಿಯಿಂದ ಕರೆದಿರಿ ಎಂದು ಬಂದು ಕುಳಿತಿದ್ದಾರೆ ಅಷ್ಟೇ."

ರಂಗೂಬಾಯಿಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಮಾವಿನಹಣ್ಣನ್ನೇ! ಏನು ವೈರಾಗ್ಯವಪ್ಪ ಇದು! ಹಾಗಿದ್ದರೆ ತಡೆಯಿರಿ, ಒಳಗೆ ಬಿಸಿ ಬಿಸಿ ಸಾಬೂದಾಣಿ ಖಿಚಡಿ ಇದೆ..."

ನನ್ನ ಜೀವದಲ್ಲಿ ಜೀವ ಬಂತು. ಮಾವು ಹೋದರೂ ಖಿಚಡಿಯಾದರೂ ಸಿಗಲಿ! ಇಂದೂ ನನ್ನ ಮುಖವನ್ನೊಮ್ಮೆ ನೋಡಿ, ತುಂಬ ಮೃದುವಾದ ದನಿಯಲ್ಲಿ ಹೇಳಿದಳು.

"ಬೇಡ ರಂಗೂಬಾಯಿ. ಇವರು ಪುಣೆಯ ಉಪವಾಸ ಬಿಟ್ಟುಬಿಟ್ಟರು. ಈಗ ನಮ್ಮ ಅಪ್ಪನ ಹಾಗೆ ಧಾರವಾಡದ ಉಪವಾಸ ಮಾಡುತ್ತಾರೆ. ನೀರೂ ಮುಟ್ಟುವುದಿಲ್ಲ."

ಊಟಕ್ಕೆ ಬಂದಿದ್ದ ವಾಡೆಯವರೆಲ್ಲ ಎದ್ದುಬಂದು ಒಬ್ಬೊಬ್ಬರಾಗಿ ನನಗೆ ನಮಸ್ಕಾರ ಮಾಡಿದರು. ಉಪವಾಸವಿಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಲ್ಲಿ ನೀರೂರಿತ್ತು, ಮಾತು ಹೊರಡಲಿಲ್ಲ. ರಂಗೂಬಾಯಿಯವರು ನನ್ನ ಎಲೆಯ ಪಕ್ಕದ ಬೆಳ್ಳಿಯ ಬಟ್ಟಲನ್ನು ಎತ್ತಿ, ವ್ರತಸ್ಥರ ಎದುರಿಗಿಟ್ಟದ್ದು ವ್ಯರ್ಥವಾಗಬಾರದೆಂದು ಇಂದೂನ ಎಲೆಯ ಪಕ್ಕದಲ್ಲಿ ಅವಳ ಬಟ್ಟಲಿನ ಜೊತೆಗೆ ಇಟ್ಟರು.

ಇಂದೂ ಎರಡನ್ನೂ ನಿಧಾನವಾಗಿ ತಿಂದಳು. ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಪಾಲು ಎಂದು ಶಾಸ್ತ್ರ ಹೇಳಿರಬಹುದು. ಶೀಕರಣೆಯ ವಿಷಯದಲ್ಲಿ ಅದು ಏನು ಹೇಳುತ್ತದೆ ಎಂದು ಕೇಳೋಣವೆಂದರೆ, ಆ ದಿನ ನನಗೆ ಉಗುಳು ನುಂಗುವ ಪರವಾನಗಿಯೂ ಇರಲಿಲ್ಲ.